ಕಿಟಕಿಯಲ್ಲಿ ಐದು, ಕಳೆ ಮೂರು

ಓದಿದ್ದು ಹತ್ತನೇ ಕ್ಲಾಸು, ಅದೂ ಎರಡು ಸಲ ಕೂತು. ಆದರೂ ಊರಿಗೆ ಊರೇ ಅವನನ್ನು ಕರೆಯುತ್ತಿದ್ದದ್ದು ಡಿಗ್ರಿ ಅಂತ. ಅಂಗಡಿಯವನು “ಏನ್ ಡಿಗ್ರಿ, ಇವತ್ತೆಷ್ಟು?” ಅಂತ ಕೇಳಿಯೇ ಸಾಮಾನು ಕಟ್ಟುತ್ತಿದ್ದ. ಮಕ್ಕಳು ಡಿಗ್ರಿ ಮಾವ ಅನ್ನುತ್ತಿದ್ದವು. ಅವನ ಖರೇ ಹೆಸರು ಸರ್ಕಾರಿ ಕಾಗದದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ. ಆ ಹೆಸರಿನಲ್ಲಿ ಯಾರಾದರೂ ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಅವನ ಕೆಲಸ ಇಷ್ಟೇ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಥರ್ಮಾಮೀಟರು ನೋಡಬೇಕು. ನೋಡಿದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಬರೆದಿದ್ದನ್ನು ರಾಜಧಾನಿಯ ಕೇಂದ್ರ ಕಚೇರಿಗೆ ಫೋನು ಮಾಡಿ ಹೇಳಬೇಕು. ದೇಶದಲ್ಲಿ ಇವನಂಥವರು ನಾನೂರು ಚಿಲ್ಲರೆ ಜನ. ನಾನೂರು ಅಂಕಿಯೂ ಬಂದು ಸೇರಿದ ಮೇಲೆ ಅಲ್ಲಿ ಯಾರೋ ಒಬ್ಬರು ಕೂತು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಗೆರೆಯಿಂದ ಆಚೆ ಸೊನ್ನೆಗಿಂತ ಕೆಳಗೆ, ಈಚೆ ಸೊನ್ನೆಗಿಂತ ಮೇಲೆ. ಮರುದಿನದ ಪೇಪರಿನಲ್ಲಿ ಅದು ಅಂಗೈಯಗಲ ಬರುತ್ತದೆ. ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಡಿಗ್ರಿ ಆ ನಕ್ಷೆಯಲ್ಲಿ ತನ್ನ ಊರಿನ ಜಾಗದ ಮೇಲೆ ಬೆರಳಿಡದೆ ಪೇಪರು ಮಡಚಿಟ್ಟವನಲ್ಲ.

ದೇಶವೋ ಬಲು ದೊಡ್ಡದು. ಚಳಿಗಾಲ ಮುಗಿಯುವ ಹೊತ್ತಿಗೆ ಉತ್ತರದಲ್ಲಿ ಹೊಳೆ ಇನ್ನೂ ಹೆಪ್ಪುಗಟ್ಟಿಯೇ ಇದ್ದರೆ ದಕ್ಷಿಣದಲ್ಲಿ ಜನ ಫ್ಯಾನು ಒರೆಸಿ ಹಾಕಿಕೊಂಡಿರುತ್ತಾರೆ. ಸಮುದ್ರದ ಕಡೆಯ ಬೆಚ್ಚನೆ ಗಾಳಿ ಒಂದು ವಾರ ಮೇಲೆ ಹತ್ತಿ ಬರುತ್ತದೆ, ಇನ್ನೊಂದು ವಾರ ಉತ್ತರದ ಗಾಳಿ ಅದನ್ನು ಕುತ್ತಿಗೆ ಹಿಡಿದು ಹೊರಕ್ಕೆ ದಬ್ಬುತ್ತದೆ. ಸೊನ್ನೆಯ ಗೆರೆ ದಿನಕ್ಕೊಂದು ಕಡೆ. ನಡುಚಳಿಯಲ್ಲಾದರೆ ಎಲ್ಲಾ ಕಡೆಯೂ ಚಳಿ, ಮಾತೇ ಮುಗಿಯಿತು. ಆದರೆ ಹೋಗುವ ಚಳಿ ಮಹಾ ಕಪಟಿ ಅನ್ನುತ್ತಿದ್ದ ಡಿಗ್ರಿ. ಅವನ ಇನ್ನೊಂದು ಮಾತು ಇಲಾಖೆಯಲ್ಲೆಲ್ಲ ಓಡಾಡುತ್ತಿತ್ತು: ಚಳಿಗಾಲದ ಕೊನೆಯಲ್ಲಿ ಊರಿಗೊಂದು ಹವೆ, ಪಕ್ಕದೂರಿನ ಅಂಕಿ ನಂಬಬೇಡಿ. ಒಂದು ಸಲ ತರಬೇತಿಗೆ ಕರೆಸಿದ್ದಾಗ ದೊಡ್ಡ ಸಾಹೇಬರೇ ಈ ಮಾತನ್ನು ಕರಿಹಲಗೆಯ ಮೇಲೆ ಬರೆಸಿದ್ದರು. ಆವತ್ತು ಮನೆಗೆ ಬಂದವನು ಹೆಂಡತಿಗೆ ನಾಲ್ಕು ಸಲ ಹೇಳಿದ್ದ.

ಇಲಾಖೆ ಕೊಟ್ಟ ಮನೆ ಇರುವುದು ದಿಬ್ಬದ ಮೇಲೆ. ಎರಡು ಕೋಣೆ, ಒಂದು ಅಡುಗೆಮನೆ, ಗೋಡೆಗೆ ಫೋನು. ಥರ್ಮಾಮೀಟರುಗಳಿರುವ ಬಿಳಿ ಪೆಟ್ಟಿಗೆ ಮಾತ್ರ ಕೆಳಗೆ ತಗ್ಗಿನಲ್ಲಿ, ನಲವತ್ತೆರಡು ಮೆಟ್ಟಿಲು ಇಳಿದು. ಮರದ ಪಟ್ಟಿ ಹೊಡೆದ, ನಾಲ್ಕು ಕಾಲಿನ ಪೆಟ್ಟಿಗೆ. ಅದರಾಚೆ ಹುಲ್ಲು, ಹುಲ್ಲಿನಾಚೆ ರಸ್ತೆ. ಘಟ್ಟದಿಂದ ಇಳಿದು ಬರುವ ಆ ರಸ್ತೆ ಅಲ್ಲೇ ಒಂದು ತಿರುವು ತಿರುಗಿ ಸೇತುವೆ ಹತ್ತುತ್ತದೆ. ಪೆಟ್ಟಿಗೆಯೂ ತಿರುವೂ ಒಂದೇ ತಗ್ಗಿನಲ್ಲಿ ಇದ್ದದ್ದರಿಂದ ಬಸ್ ಡಿಪೋದವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಆರೂ ಹತ್ತಕ್ಕೆ ಡಿಪೋದ ಗುಮಾಸ್ತ ಫೋನು ಮಾಡಿ ಅಂಕಿ ಕೇಳುತ್ತಾನೆ. ಒಂದಕ್ಕಿಂತ ಕೆಳಗಿದ್ದರೆ ಮೊದಲ ಬಸ್ಸು ಬಿಸಿಲು ಬೀಳುವವರೆಗೆ ನಿಲ್ಲುತ್ತದೆ. ಮೇಲಿದ್ದರೆ ಆರೂವರೆಗೆ ಹೊರಡುತ್ತದೆ.

ಆ ಮೊದಲ ಬಸ್ಸಿನ ಡ್ರೈವರು ಡಿಗ್ರಿಯ ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಊರು ಅವನಿಗೆ ಇಟ್ಟ ಹೆಸರು ನಿಧಾನಪ್ಪ. ಅವನ ಬಸ್ಸು ಹತ್ತುವವರು ಬುತ್ತಿ ಕಟ್ಟಿಕೊಂಡು ಹತ್ತಬೇಕು, ಎಮ್ಮೆ ಹಿಂದಿನಿಂದ ಹಾರ್ನ್ ಹೊಡೆಯುತ್ತದೆ, ಹೀಗೆ ತಲೆಗೊಂದು ಮಾತು. ಅವನು ನಗುತ್ತಿದ್ದ. ಅಕ್ಕನ ಮನೆಯ ಮುಂದೆ ಬಂದಾಗ ಎರಡು ಸಲ ಹಾರ್ನ್ ಒತ್ತುತ್ತಿದ್ದ, ಭಾವ ಕಿಟಕಿಯಿಂದ ಚಹಾದ ಲೋಟ ಎತ್ತಿ ತೋರಿಸುತ್ತಿದ್ದ. ಹದಿನೇಳು ವರ್ಷ ಇದು ತಪ್ಪಿರಲಿಲ್ಲ.

ಇನ್ನು ಮೊಣಕಾಲಿನ ವಿಷಯ. ಎರಡು ವರ್ಷದ ಹಿಂದೆ ಡಿಗ್ರಿಯ ಬಲ ಮೊಣಕಾಲು ಕೈಕೊಟ್ಟಿತು. ಹಗಲು ಹೇಗೋ ನಡೆಯುತ್ತಿತ್ತು, ಬೆಳಗಿನ ಆರು ಗಂಟೆಗೆ ಮಾತ್ರ ನಲವತ್ತೆರಡು ಮೆಟ್ಟಿಲು ಅಂದರೆ ಜೀವ ಬಾಯಿಗೆ ಬರುತ್ತಿತ್ತು. ರಜೆ ಕೇಳಿದರೆ ಬದಲಿ ಯಾರು? ಬೇರೆಯವನು ಬಂದರೆ ಮನೆಯೂ ಬಿಡಬೇಕಾದೀತು ಅನ್ನುವ ಅಂಜಿಕೆ. ಅದಕ್ಕೆ ಅವನೊಂದು ಉಪಾಯ ಹುಡುಕಿದ. ಅಡುಗೆಮನೆಯ ಕಿಟಕಿಯ ಹೊರಗೆ ಒಂದು ಹಳೆ ಥರ್ಮಾಮೀಟರು ಕಟ್ಟಿದ. ಇಡೀ ಒಂದು ಚಳಿಗಾಲ ಕಿಟಕಿಯದನ್ನೂ ಪೆಟ್ಟಿಗೆಯದನ್ನೂ ಹೋಲಿಸಿ ನೋಡಿದ. ಗೋಡೆಯ ಬಿಸುಪಿಗೋ ಏನೋ, ಕಿಟಕಿಯದು ಯಾವಾಗಲೂ ಮೂರು ಹೆಚ್ಚು. ಅಲ್ಲಿಗೆ ಲೆಕ್ಕ ಸಿಕ್ಕಿತು. ಹೆಂಡತಿ ಚಹಾಕ್ಕೆ ಇಟ್ಟು, ಕಿಟಕಿ ನೋಡಿ ಅಂಕಿ ಹೇಳುವಳು. ಅವನು ಹಾಸಿಗೆಯ ಮೇಲೆ ಕೂತೇ ಮೂರು ಕಳೆಯುವನು. ಬಿಸಿಲೇರಿದ ಮೇಲೆ, ಕಾಲು ಸ್ವಲ್ಪ ಸಡಿಲವಾದಾಗ, ಇಳಿದು ಹೋಗಿ ರಾತ್ರಿಯ ಕನಿಷ್ಠ ಎಷ್ಟಿತ್ತು ಅಂತ ನೋಡಿಕೊಂಡು ಬರುವನು. ಎರಡು ವರ್ಷ ಹೀಗೇ ಸಾಗಿತು. ಕೇಂದ್ರ ಕಚೇರಿಯಿಂದ ಒಂದು ಪ್ರಶ್ನೆಯೂ ಬರಲಿಲ್ಲ, ಬದಲಿಗೆ ಒಂದು ಪ್ರಶಂಸೆಯ ಪತ್ರ ಬಂತು.

ಲೆಕ್ಕ ತಪ್ಪುವ ದಿನ ಯಾವುದು ಅಂತ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಅದೇ ಹೊಟ್ಟೆ ಉರಿಯುವ ಮಾತು. ನಾಲ್ಕು ದಿನ ಬೆಚ್ಚಗಿದ್ದು, ಒಮ್ಮೆಲೇ ಗಾಳಿ ನಿಂತು, ಆಕಾಶ ತೊಳೆದಿಟ್ಟ ಹಾಗೆ ಆದ ರಾತ್ರಿ ಚಳಿ ನೀರಿನ ಹಾಗೆ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ದಿಬ್ಬದ ಮೇಲೆ ಹಿತವಾಗಿರುತ್ತದೆ, ತಗ್ಗು ಮರಗಟ್ಟಿರುತ್ತದೆ. ಹತ್ತು ವರ್ಷದ ಹಿಂದೆ ಅವನೇ ರಿಜಿಸ್ಟರಿನ ಷರಾ ಕಾಲಂನಲ್ಲಿ ಇದನ್ನು ಬರೆದಿದ್ದ. ಬರೆದವನ ಕೈಗೆ ಗೊತ್ತಿದ್ದದ್ದು ಮೊಣಕಾಲಿಗೆ ನೆನಪಾಗಲಿಲ್ಲ.

ಆ ಬೆಳಿಗ್ಗೆ ಅಂಥದ್ದೇ ಬೆಳಿಗ್ಗೆ. ನಾಲ್ಕು ದಿನದಿಂದ ದಕ್ಷಿಣದ ಗಾಳಿ ಬೀಸಿ ಜನ ಸ್ವೆಟರು ಗಂಟು ಕಟ್ಟಲು ಶುರುಮಾಡಿದ್ದರು. ಡಿಗ್ರಿ ಎದ್ದು ಕಿಟಕಿಯಾಚೆ ನೋಡಿದ. ಪಕ್ಕದ ಮನೆಯ ಒಲೆಯ ಹೊಗೆ ನೆಟ್ಟಗೆ ಎರಡಾಳು ಎತ್ತರ ಏರಿ, ಆಮೇಲೆ ಯಾರೋ ಮುಚ್ಚಳ ಹಾಕಿದ ಹಾಗೆ ಅಡ್ಡ ಮಲಗಿತ್ತು. ಚಳಿ ತಗ್ಗಿಗೆ ಇಳಿದು ಕೂತಿದೆ ಅನ್ನುವುದಕ್ಕೆ ಅದೇ ಗುರುತು, ಆದರೆ ಕಂಡದ್ದು ಕಣ್ಣಿಗೆ, ತಲೆಗಲ್ಲ. ಹೆಂಡತಿ ಐದು ಅಂದಳು. ಅವನು ಎರಡು ಅಂದ. ರಿಜಿಸ್ಟರಿನಲ್ಲಿ ಎರಡು ಬರೆದ, ಕೇಂದ್ರ ಕಚೇರಿಗೆ ಎರಡು ಹೇಳಿದ, ಡಿಪೋದ ಗುಮಾಸ್ತನಿಗೂ ಎರಡು ಹೇಳಿದ. ಆರೂ ಮೂವತ್ತೈದಕ್ಕೆ ಬಸ್ಸು ಎರಡು ಹಾರ್ನ್ ಹೊಡೆದು ಹೋಯಿತು. ಡಿಗ್ರಿ ಲೋಟ ಎತ್ತಿದ.

ಆರೂ ನಲವತ್ತಕ್ಕೆ ಜನ ಓಡುವ ಸದ್ದು ಕೇಳಿಸಿತು.

ಬಸ್ಸು ತಿರುವಿನಲ್ಲಿ ರಸ್ತೆ ಬಿಟ್ಟು, ಸೇತುವೆಯ ಪಕ್ಕದ ಹಳ್ಳಕ್ಕೆ ಮಗುಚಿತ್ತು. ಒಳಗಿದ್ದವರು ಹದಿನಾಲ್ಕು ಜನ. ಕಂಡಕ್ಟರು, ಪಟ್ಟಣದ ಆಸ್ಪತ್ರೆಗೆ ಕೆಲಸಕ್ಕೆ ಹೊರಟಿದ್ದ ನರ್ಸು, ಮಗಳ ಮನೆಗೆ ಹೊರಟಿದ್ದ ಒಬ್ಬ ಮುದುಕ, ಈ ಮೂವರು ಅಲ್ಲೇ ಹೋದರು. ಡಿಗ್ರಿ ಕುಂಟುತ್ತಾ ಓಡಿದ. ತಿರುವಿನಲ್ಲಿ ಅವನ ಕಾಲೇ ಜಾರಿತು, ಒಂದು ಕೈ ಊರಿ ಬಿದ್ದ. ಅಂಗೈ ಕೆಳಗೆ ರಸ್ತೆ ಗಾಜಿನಂತಿತ್ತು, ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಮಂಜುಗಡ್ಡೆ. ಉಳಿದವರೂ ಜಾರುತ್ತಿದ್ದರು, ಬಸ್ಸಿನ ಎಣ್ಣೆಯೋ ನೀರೋ ಚೆಲ್ಲಿರಬೇಕು ಅಂದುಕೊಂಡು ಅತ್ತಿತ್ತ ಓಡಾಡುತ್ತಿದ್ದರು. ಆ ಗಡಿಬಿಡಿಯಲ್ಲಿ ಕೂತು ನೆಲ ಮುಟ್ಟಿ ನೋಡುವವರು ಯಾರು? ಪೊಲೀಸರು ಬರುವ ಹೊತ್ತಿಗೆ ಒಂಬತ್ತು. ಬಿಸಿಲು ಬಿದ್ದು ರಸ್ತೆ ಒಣಗಿತ್ತು.

ಭಾಮೈದನ ಕಾಲು ಎರಡು ಕಡೆ ಮುರಿದಿತ್ತು. ಅವನನ್ನು ಆಂಬುಲೆನ್ಸಿಗೆ ಹತ್ತಿಸಿ, ಹೆಂಡತಿಯನ್ನೂ ಅದರಲ್ಲಿ ಕೂರಿಸಿ, ಡಿಗ್ರಿ ಒಬ್ಬನೇ ಹುಲ್ಲು ದಾಟಿ ಬಿಳಿ ಪೆಟ್ಟಿಗೆಯ ಹತ್ತಿರ ಬಂದ.

ಕನಿಷ್ಠ ತೋರಿಸುವ ಥರ್ಮಾಮೀಟರಿನದು ಒಂದು ಗುಣ. ಕೊಳವೆಯೊಳಗೆ ಸಣ್ಣದೊಂದು ಕಪ್ಪು ಕಡ್ಡಿ ಇರುತ್ತದೆ. ಚಳಿ ಇಳಿಯುತ್ತಾ ಹೋದಂತೆ ಒಳಗಿನ ದ್ರವ ಆ ಕಡ್ಡಿಯನ್ನು ಕೆಳಗೆ ಎಳೆದುಕೊಂಡು ಹೋಗುತ್ತದೆ. ಮತ್ತೆ ಬೆಚ್ಚಗಾದಾಗ ದ್ರವ ಮೇಲೇರುತ್ತದೆ, ಕಡ್ಡಿ ಮಾತ್ರ ಎಲ್ಲಿಗೆ ಇಳಿದಿತ್ತೋ ಅಲ್ಲೇ ಉಳಿಯುತ್ತದೆ. ನೋಡಿ ಬರೆದುಕೊಂಡ ಮೇಲೆ ಕೊಳವೆಯನ್ನು ಓರೆ ಮಾಡಿದರೆ ಕಡ್ಡಿ ಸರಿದು ಮರುದಿನಕ್ಕೆ ಸಿದ್ಧವಾಗುತ್ತದೆ. ಓರೆ ಮಾಡುವವರೆಗೆ ಅದಕ್ಕೆ ರಾತ್ರಿಯದೆಲ್ಲ ನೆನಪಿರುತ್ತದೆ.

ಪೆಟ್ಟಿಗೆಯ ಬಾಗಿಲು ತೆಗೆದ. ಹೊತ್ತೇರಿದ ಬಿಸುಪಿಗೆ ದ್ರವ ನಾಲ್ಕರಲ್ಲಿತ್ತು. ಕಡ್ಡಿ ಮೈನಸ್ ಎರಡು ದಶಮಾಂಶ ನಾಲ್ಕರಲ್ಲಿ ಒಂಟಿಯಾಗಿ ನಿಂತಿತ್ತು.

ಎಷ್ಟು ಹೊತ್ತು ನೋಡಿದನೋ. ಹುಲ್ಲಿನಾಚೆ ರಸ್ತೆಯಲ್ಲಿ ಪೊಲೀಸರ ಮಾತು ಕೇಳಿಸುತ್ತಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಬನ್ನಿ ಇಲ್ಲಿ ನೋಡಿ ಅಂತ. ಕೂಗಲಿಲ್ಲ. ದಿನಾ ಓರೆ ಮಾಡುವುದು ತಾನೇ, ನಿಯಮ ತಾನೇ ಅಂತ ತನಗೆ ತಾನೇ ಹೇಳಿಕೊಂಡು ಕೊಳವೆಯನ್ನು ಓರೆ ಮಾಡಿದ. ಕಡ್ಡಿ ಮೆತ್ತಗೆ ಸರಿದು ನಾಲ್ಕಕ್ಕೆ ಹೋಗಿ ನಿಂತಿತು. ಮೇಲೆ ಬಂದು ಕನಿಷ್ಠದ ಕಾಲಂನಲ್ಲಿ ಒಂದು ದಶಮಾಂಶ ಆರು ಅಂತ ಬರೆದ. ಅಕ್ಷರ ಸ್ವಲ್ಪವೂ ನಡುಗಲಿಲ್ಲ. ಮೊದಲನೆಯ ತಪ್ಪಿಗೆ ಮೊಣಕಾಲಿನ ಮೇಲಾದರೂ ಗೂಬೆ ಕೂರಿಸಬಹುದಿತ್ತು, ಈ ಎರಡನೆಯದು ಪೂರ್ತಿ ಅವನದೇ.

ಮರುದಿನದ ಪೇಪರಿನಲ್ಲಿ ಬಸ್ಸಿನ ಚಿತ್ರ ಮುಂದಿನ ಪುಟದಲ್ಲಿ ಬಂತು, ನಕ್ಷೆ ಹಿಂದಿನ ಪುಟದಲ್ಲಿ. ರಸ್ತೆ ಒಣಗಿತ್ತು, ಹವಾಮಾನ ಕೇಂದ್ರದ ಪ್ರಕಾರ ಎರಡು ಡಿಗ್ರಿ ಇತ್ತು, ಹಾಗಾಗಿ ಅತಿವೇಗವೇ ಕಾರಣ ಅಂತ ಬರೆದಿದ್ದರು. ನಿಧಾನಪ್ಪನಿಗೆ ಅತಿವೇಗ! ಅಲ್ಲಿಯವರೆಗೆ ಎಮ್ಮೆಯ ಜೋಕು ಹೇಳುತ್ತಿದ್ದ ಬಾಯಿಗಳೇ ಈಗ, ಅವನು ಇತ್ತೀಚೆಗೆ ಜೋರು ಓಡಿಸುತ್ತಿದ್ದ ಅಂದವು. ಎಲುಬಿಲ್ಲದ ನಾಲಿಗೆ, ಹೇಗೆ ಹೊರಳಿಸಿದರೂ ಹೊರಳುತ್ತದೆ.

ಮೂರನೆಯ ದಿನ ಡಿಗ್ರಿ ಆಸ್ಪತ್ರೆಗೆ ಹೋದ. ಭಾಮೈದನ ಕಾಲಿಗೆ ತೂಕ ಕಟ್ಟಿ ಎತ್ತಿ ಇಟ್ಟಿದ್ದರು. ಬಾಗಿಲಲ್ಲಿ ಒಬ್ಬ ಪೊಲೀಸಿನವನು ಸ್ಟೂಲು ಹಾಕಿಕೊಂಡು ಕೂತಿದ್ದ. ರಸ್ತೆಯಲ್ಲಿ ಮಂಜುಗಡ್ಡೆ ಇತ್ತು ಅಂತ ಎರಡು ದಿನದಿಂದ ಭಾಮೈದ ಹೇಳುತ್ತಲೇ ಇದ್ದನಂತೆ. ಚಕ್ರ ತಿರುಗಿಸಿದರೆ ಬಸ್ಸು ತಿರುಗಲಿಲ್ಲ, ಬ್ರೇಕು ಮುಟ್ಟಿದರೆ ಇನ್ನೂ ಜಾರಿತು ಅಂತ. ಬರೆದುಕೊಳ್ಳುವವರು ಪ್ರತಿ ಸಲವೂ ಎರಡು ಡಿಗ್ರಿಯ ಮಾತು ಎತ್ತುತ್ತಿದ್ದರಂತೆ. ಭಾವನನ್ನು ಕಂಡದ್ದೇ ಅವನು ಕೈ ಹಿಡಿದುಕೊಂಡ.

“ಭಾವ, ನೀವೇ ಹೇಳಿ. ಆವತ್ತು ಎಷ್ಟಿತ್ತು?”

ಡಿಗ್ರಿಗೆ ಪೊಲೀಸಿನವನ ಬೂಟು ಕಾಣುತ್ತಿತ್ತು. ಮನೆ ಕಂಡಿತು, ಕೆಲಸ ಕಂಡಿತು, ಮೂರು ಹೆಣ ಕಂಡವು.

“ಎರಡು,” ಅಂದ.

ಭಾಮೈದ ಎತ್ತಿ ಕಟ್ಟಿದ ತನ್ನ ಕಾಲನ್ನು ನೋಡಿದ. ಆಮೇಲೆ ತಲೆ ಆಡಿಸಿದ. “ನೀವು ಎರಡು ಅಂದ್ರೆ ಎರಡೇ. ಹದಿನೇಳು ವರ್ಷ ನಿಮ್ಮ ಅಂಕಿ ನಂಬ್ಕೊಂಡು ಬಸ್ ಓಡಿಸಿದೀನಿ, ಒಂದು ದಿನ ತಪ್ಪಿಲ್ಲ. ಹಾಗಾದ್ರೆ ನಾನೇ ಕಣ್ಣು ಮುಚ್ಚಿರ್ಬೇಕು ಭಾವ. ನಿದ್ದೆ ಬಂದಿದ್ದು ಮನುಷ್ಯನಿಗೆ ಎಲ್ಲಿ ಗೊತ್ತಾಗುತ್ತೆ?”

ಡಿಗ್ರಿ ಎದ್ದು ಬಂದ. ಆಸ್ಪತ್ರೆಯ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡ, ಮತ್ತೆ ತೊಳೆದುಕೊಂಡ. ಜೈಲಿಗೆ ಹೋಗುವ ಭಯಕ್ಕಿಂತ ದೊಡ್ಡದೊಂದು ಭಯ ಇರುತ್ತದೆ ಅಂತ ಅವನಿಗೆ ಐವತ್ತಾರನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಮನೆಯಲ್ಲಿ ಗಂಡ ಹೆಂಡತಿ ಆ ಬೆಳಗಿನ ಬಗ್ಗೆ ಮಾತೇ ಆಡಿರಲಿಲ್ಲ. ಅವಳು ಕಿಟಕಿಯ ಥರ್ಮಾಮೀಟರನ್ನು ಬಿಚ್ಚಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದಳು, ಅವನು ಯಾಕೆ ಅಂತ ಕೇಳಿರಲಿಲ್ಲ. ಬೆಳಿಗ್ಗೆ ಆರಕ್ಕೆ ಈಗ ಅವನು ಹಲ್ಲು ಕಚ್ಚಿ, ಮೊಣಕಾಲು ಎಳೆದುಕೊಂಡು ಪೆಟ್ಟಿಗೆಯವರೆಗೆ ಇಳಿದು ಹೋಗುತ್ತಿದ್ದ. ಎಂಟನೆಯ ದಿನ ಅವಳು ಆಸ್ಪತ್ರೆಯಿಂದ ಬಂದು ಚೀಲ ಕೆಳಗಿಟ್ಟಳು. ತಮ್ಮ ನಿದ್ದೆ ಬಂದಿತ್ತು ಅಂತ ಹೇಳಿಕೆಗೆ ಸಹಿ ಹಾಕಿಬಿಟ್ಟಿದ್ದಾನೆ ಅಂದಳು. ಸತ್ತ ನರ್ಸಿನ ತಾಯಿ ಆಸ್ಪತ್ರೆಗೆ ಬಂದು ಅವನ ಮುಖದ ಮೇಲೆ ಉಗಿದಳಂತೆ, ಅವನು ಒರೆಸಿಕೊಳ್ಳಲೂ ಇಲ್ಲವಂತೆ.

“ಕಿಟಕಿ ನೋಡಿ ಐದು ಅಂದಿದ್ದು ನಾನು,” ಅಂದಳು. “ಮೂರು ಕಳೆದಿದ್ದು ನೀವು. ಅವನು ಏನ್ ಮಾಡಿದ?”

ಡಿಗ್ರಿ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದ. ಅವಳು ಹಿಟ್ಟಿನ ಡಬ್ಬದ ಹಿಂದಿನಿಂದ ಥರ್ಮಾಮೀಟರು ತೆಗೆದು ಸೆರಗಿನಲ್ಲಿ ಸುತ್ತಿಕೊಂಡು ಜೊತೆಗೆ ಹೊರಟಳು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಒಂದೇ ಮನಸ್ಸಿನಿಂದ ಇಬ್ಬರೂ ಎಲ್ಲಿಗೂ ಹೊರಟಿರಲಿಲ್ಲ.

ಠಾಣೆಯಲ್ಲಿದ್ದ ತನಿಖೆಯ ಅಧಿಕಾರಿ ಕೆಟ್ಟವನಲ್ಲ. ಇಬ್ಬರಿಗೂ ಕುರ್ಚಿ ಹಾಕಿಸಿದ, ನೀರು ಕೊಡಿಸಿದ, ಪೂರ್ತಿ ಕೇಳಿದ. ಡಿಗ್ರಿ ಒಂದನ್ನೂ ಬಿಡದೆ ಹೇಳಿದ. ಮೊಣಕಾಲು, ಕಿಟಕಿ, ಕಳೆದ ಮೂರು, ಅಡ್ಡ ಮಲಗಿದ ಹೊಗೆ, ಕಡ್ಡಿ, ಮೈನಸ್ ಎರಡು ದಶಮಾಂಶ ನಾಲ್ಕು, ಓರೆ ಮಾಡಿದ್ದು, ಒಂದು ದಶಮಾಂಶ ಆರು ಬರೆದದ್ದು. ಹೇಳುತ್ತಾ ಹೋದಂತೆ ಎದೆಯ ಮೇಲಿನ ಕಲ್ಲು ಇಳಿಯುತ್ತಿದೆ ಅನ್ನಿಸಿತು. ಹೆಂಡತಿ ಸೆರಗು ಬಿಚ್ಚಿ ಥರ್ಮಾಮೀಟರನ್ನು ಮೇಜಿನ ಮೇಲಿಟ್ಟಳು.

ಅಧಿಕಾರಿ ಅದನ್ನು ಮುಟ್ಟಲಿಲ್ಲ. ಡ್ರೈವರು ನಿಮಗೆ ಏನಾಗಬೇಕು ಅಂತ ಕೇಳಿದ. ಹೆಂಡತಿಯ ತಮ್ಮ ಅಂದ ಡಿಗ್ರಿ. ನಿಮಗೆ? ಒಡಹುಟ್ಟಿದವನು ಅಂದಳು ಅವಳು. ಅಧಿಕಾರಿ ಎದ್ದು ಬೀರುವಿನಿಂದ ರಿಜಿಸ್ಟರು ತೆಗೆದ. ತನಿಖೆಗೆ ಅಂತ ಮೊದಲೇ ತರಿಸಿಟ್ಟುಕೊಂಡಿದ್ದ. ಪುಟ ತಿರುವಿದ. ಮೂವತ್ತೊಂದು ವರ್ಷದಲ್ಲಿ ಒಂದು ಕಾಟು ಇಲ್ಲ, ಒಂದು ತಿದ್ದುಪಡಿ ಇಲ್ಲ. ಒಳಗೆ ಮಡಚಿಟ್ಟ ಪ್ರಶಂಸೆಯ ಪತ್ರವೂ ಇತ್ತು. ಆಮೇಲೆ ಆ ದಿನದ ನಕ್ಷೆಯನ್ನು ಬಿಡಿಸಿ ಇಟ್ಟ. ಪೇಪರಿನ ಅಂಗೈಯಗಲದ್ದಲ್ಲ, ಕೇಂದ್ರ ಕಚೇರಿಯ ದೊಡ್ಡ ನಕ್ಷೆ.

ಡಿಗ್ರಿ ಅಂಥ ನಕ್ಷೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇಡೀ ದೇಶ ಮೇಜಿನ ತುಂಬ ಮಲಗಿತ್ತು. ಸೊನ್ನೆಯ ಗೆರೆ ಪೂರ್ವದಿಂದ ನೆಟ್ಟಗೆ ಬಂದು, ಅವನ ಊರಿನ ಹತ್ತಿರ ಮಾತ್ರ, ಕೆಸರು ಕಂಡವನು ಸುತ್ತಿ ದಾಟುವ ಹಾಗೆ ಸುತ್ತಿಕೊಂಡು ಆಚೆ ಹೋಗಿತ್ತು. ಸುತ್ತಲಿನ ಊರುಗಳೆಲ್ಲ ಮೈನಸ್ ಒಂದು, ಮೈನಸ್ ಎರಡು. ನಡುವೆ ಅವನ ಎರಡು. ಗೆರೆ ಎಳೆದವನು ಸುತ್ತಲಿನ ಅಷ್ಟೂ ಊರು ಬಿಟ್ಟು ಅವನೊಬ್ಬನನ್ನು ನಂಬಿದ್ದ.

“ನೋಡಿ ಸಾರ್, ಇಲ್ಲೇ ಇದೆ,” ಅಂದ ಡಿಗ್ರಿ. ಧ್ವನಿ ಏರಿತು. “ಸುತ್ತ ಎಲ್ಲಾ ಕಡೆ ಮೈನಸ್. ನಮ್ಮೂರಲ್ಲಿ ಮಾತ್ರ ಎರಡು ಹೇಗಿರುತ್ತೆ?”

“ಅದನ್ನೂ ಕೇಳಿದೆ ನಾನು,” ಅಂದ ಅಧಿಕಾರಿ ಮೆಲ್ಲಗೆ. “ಚಳಿಗಾಲದ ಕೊನೆಯಲ್ಲಿ ಊರಿಗೊಂದು ಹವೆ, ಪಕ್ಕದೂರಿನ ಅಂಕಿ ನಂಬಬೇಡಿ. ಇದು ನಿಮ್ಮದೇ ಮಾತಂತೆ, ನಿಮ್ಮ ಇಲಾಖೆಯವರು ಹೇಳಿದ್ರು.”

ಅಧಿಕಾರಿ ರಿಜಿಸ್ಟರು ಮುಚ್ಚಿದ. ಡ್ರೈವರೇ ನಿದ್ದೆ ಮಾಡಿದೆ ಅಂತ ಸಹಿ ಹಾಕಿದ್ದಾನೆ, ರಸ್ತೆ ಒಣಗಿದ್ದನ್ನು ಪೊಲೀಸರು ಕಣ್ಣಾರೆ ಕಂಡಿದ್ದಾರೆ, ಇಂಥ ರಿಜಿಸ್ಟರನ್ನು ಸುಳ್ಳು ಅಂತ ಬರೆಯಲು ತನಗೆ ಸಾಧ್ಯವಿಲ್ಲ ಅಂದ. ಸಂಬಂಧಿಕರ ಸಂಕಟ ಅರ್ಥವಾಗುತ್ತದೆ, ಈ ಮಾತನ್ನು ಕಾಗದಕ್ಕೆ ಇಳಿಸಿದರೆ ಸುಳ್ಳು ಸಾಕ್ಷಿಯ ಕೇಸು ಆಗುತ್ತದೆ, ತಾನು ಕೇಳಿಲ್ಲ ಅಂತಲೇ ಇಟ್ಟುಕೊಳ್ಳುತ್ತೇನೆ, ಮನೆಗೆ ಹೋಗಿ ಅಂದ. ಡಿಗ್ರಿ ಹೋಗಲಿಲ್ಲ. ಬರೆದುಕೊಳ್ಳಿ ಅಂತ ಮೇಜು ಗುದ್ದಿದ, ಕೊನೆಗೆ ಕೈ ಮುಗಿದ. ಕಾನ್‌ಸ್ಟೇಬಲ್ಲು ಬಂದು ಇಬ್ಬರನ್ನೂ ಮೆಟ್ಟಿಲವರೆಗೆ ಬಿಟ್ಟ, ಪಾಪ ಮರ್ಯಾದೆಯಿಂದಲೇ. ಥರ್ಮಾಮೀಟರನ್ನು ಮರೆತು ಬಂದಿದ್ದೀರಿ ಅಂತ ಹಿಂದಿನಿಂದ ತಂದು ಕೊಟ್ಟ.

ಸುದ್ದಿಗೆ ಕಾಲು ಬೇಕೇ? ಇವರು ಆಸ್ಪತ್ರೆ ಮುಟ್ಟುವ ಮೊದಲೇ ಬಾಗಿಲಿನ ಪೊಲೀಸಿನವನಿಂದ ಅದು ಭಾಮೈದನ ಹಾಸಿಗೆ ಮುಟ್ಟಿತ್ತು. ಭಾವನನ್ನು ಕಂಡವನೇ ಅವನು ಏಳಲು ಹೋಗಿ, ಕಟ್ಟಿದ ತೂಕ ಎಳೆದು ನೋವಿಗೆ ಮುಖ ಕಿವುಚಿದ. ಕಣ್ಣಲ್ಲಿ ನೀರು ತುಂಬಿತ್ತು. ಎಂಟು ದಿನದಲ್ಲಿ ಮೊದಲ ಸಲ ಅವನ ಮುಖ ಸ್ವಲ್ಪ ಅರಳಿತ್ತು.

“ಯಾಕೆ ಭಾವ ಹೀಗ್ ಮಾಡಿದ್ರಿ? ನನ್ನನ್ನ ಉಳಿಸೋಕೆ ನಿಮ್ಮ ಮೂವತ್ತೊಂದು ವರ್ಷದ ಹೆಸರು ಹಾಳು ಮಾಡ್ಕೊಳ್ಳೋಕೆ ಹೊರಟಿದ್ರಂತೆ. ಅಂಥ ಸುಳ್ಳು ಹೇಳೋಕೆ ನಿಮಗೆ ಎಷ್ಟು ಕಷ್ಟ ಆಗಿರ್ಬೇಕು.”

“ಸುಳ್ಳಲ್ಲ ಕಣೋ,” ಅಂದ ಡಿಗ್ರಿ. “ಮೈನಸ್ ಎರಡು ದಶಮಾಂಶ ನಾಲ್ಕು. ನನ್ನ ಕಣ್ಣಿಂದ ನೋಡಿದ್ದು. ನೀನು ನಿದ್ದೆ ಮಾಡಿಲ್ಲ. ಕೇಳಿಸ್ತಾ? ನೀನು ನಿದ್ದೆ ಮಾಡಿಲ್ಲ.”

ಅಕ್ಕನೂ ಹೌದು ಕಣೋ, ಹೌದು ಅಂತ ಅಳುತ್ತಾ ಹೇಳಿದಳು. ಅವನು ಅಕ್ಕನನ್ನು ನೋಡಿದ, ಭಾವನನ್ನು ನೋಡಿದ. ಹಠ ಮಾಡುವ ಮಗುವನ್ನು ಸುಮ್ಮನಾಗಿಸುವ ಹಾಗೆ ಭಾವನ ಕೈಯನ್ನು ಎರಡು ಸಲ ಮೆಲ್ಲಗೆ ತಟ್ಟಿದ.

“ಆಯ್ತು ಭಾವ, ಆಯ್ತು,” ಅಂದ. “ನಾನು ಯಾರಿಗೂ ಹೇಳಲ್ಲ.”